ಪ್ರವಾಸಕ್ಕೆ ಬಸ್ಸೇ ಬೇಕೆ?

ಪ್ರವಾಸವೆಂದರೆ ಏನು? ಈ ಪ್ರಶ್ನೆಗೆ ನಮ್ಮ ಕಾಲೇಜಿನಲ್ಲಿ ವರ್ಷವರ್ಷವೂ ದೊರೆಯುವ ಉತ್ತರ ಒಂದೇ: ಒಂದು ಬಸ್ಸು, ಮೂರು ದಿನ, ಹನ್ನೊಂದು ಸ್ಥಳ. ರಾತ್ರಿಯೆಲ್ಲ ಚಿತ್ರಗೀತೆಗಳ ಅಬ್ಬರ, ಹಗಲೆಲ್ಲ ತೂಕಡಿಕೆ. ನೋಡತಕ್ಕ ಸ್ಥಳ ಬಂದಾಗ ಸೀಟಿ ಊದುತ್ತಾರೆ, ಇಳಿಯುತ್ತೇವೆ. ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುತ್ತೇವೆ. ಮತ್ತೊಮ್ಮೆ ಸೀಟಿ ಊದುತ್ತಾರೆ, ಏರುತ್ತೇವೆ. ಮರಳಿ ಬಂದ ಮೇಲೆ ಮನೆಯ ಹಿರಿಯರು “ಏನೇನು ನೋಡಿದಿರಿ?” ಎಂದು ಕೇಳಿದರೆ ಹನ್ನೊಂದು ಹೆಸರುಗಳನ್ನು ಒಪ್ಪಿಸುತ್ತೇವೆಯೇ ಹೊರತು, ಒಂದು ಹೆಸರಿಗೂ ಇನ್ನೊಂದು ಹೆಸರಿಗೂ ನಡುವೆ ಇದ್ದ ನಾಡಿನ ಬಗೆಗೆ ಒಂದು ಮಾತನ್ನೂ ಆಡಲಾರೆವು. ಅಲ್ಲಿ ಯಾವ ಬೆಳೆ ಇತ್ತು, ಜನ ಯಾವ ಮಾತನ್ನಾಡುತ್ತಿದ್ದರು, ನೀರು ಯಾವ ಕಡೆಗೆ ಹರಿಯುತ್ತಿತ್ತು—ಇವು ಯಾವುವೂ ಬಸ್ಸಿನ ಕಿಟಕಿಯಿಂದ ಒಳಗೆ ಬರುವುದಿಲ್ಲ.

ನನ್ನ ಸೂಚನೆ ಸರಳವಾದುದು. ಮಳೆಗಾಲ ಕಳೆದ ಮೇಲೆ ಹೊರಡುವ ಪ್ರವಾಸ ಈ ಸಲ ಸೈಕಲ್ಲಿನ ಮೇಲೆ ಹೊರಡಲಿ. ಅದೂ ದೂರದ ಊರುಗಳಿಗಲ್ಲ, ನಮ್ಮದೇ ಜೋಯಿಡಾ ತಾಲೂಕಿನ ಒಳದಾರಿಗಳಲ್ಲಿ. ಈ ಮಾತನ್ನು ತರಗತಿಯಲ್ಲಿ ಮೊದಲ ಸಲ ಆಡಿದಾಗ ಗೆಳತಿಯರು ನಕ್ಕರು. “ಊರಿಂದ ಊರಿಗೆ ಸೈಕಲ್ ಹೊಡಿಯೂದಕ್ಕ ಪ್ರವಾಸ ಅಂತಾರೇನವಾ? ಅದನ್ನ ನಮ್ಮಪ್ಪ ದಿನಾ ಮಾಡ್ತಾನ” ಎಂದಳೊಬ್ಬಳು. ನಗುವವರು ನಗಲಿ. ಆಕೆಯ ಮಾತಿನಲ್ಲಿಯೇ ನನ್ನ ವಾದದ ಅರ್ಧಭಾಗ ಅಡಗಿದೆ. ಕೆಲಸಕ್ಕೆ ಹೋಗುವವನ ಸೈಕಲ್ಲು ಬಡತನದ ಗುರುತು, ತಿರುಗಾಟಕ್ಕೆ ಹೋಗುವವನ ಮೋಟಾರು ಅಂತಸ್ತಿನ ಗುರುತು ಎಂದು ನಾವು ತಿಳಿದುಬಿಟ್ಟಿದ್ದೇವೆ. ಎಲ್ಲ ದೇಶಗಳ ಜನರೂ ಹಾಗೆ ತಿಳಿದಿಲ್ಲ.

ಫ್ರಾನ್ಸ್ ದೇಶದ ಮಾತನ್ನೇ ತೆಗೆದುಕೊಳ್ಳೋಣ. ಸೈಕಲ್ಲಿಗೂ ಆ ದೇಶಕ್ಕೂ ಇರುವ ನಂಟನ್ನು ನಮ್ಮಲ್ಲಿ ಬಹುಮಂದಿ ಬಲ್ಲುದು 1903ರಲ್ಲಿ ಆರಂಭವಾದ ದೊಡ್ಡ ಓಟದ ಸ್ಪರ್ಧೆಯಿಂದ. ಆದರೆ ಆ ಸ್ಪರ್ಧೆಗಿಂತ ಮೊದಲೇ ಅಲ್ಲಿ ಬೇರೊಂದು ಪಂಥವಿತ್ತು. ಸೇಂಟ್ ಎತಿಯೆನ್ ಎಂಬ ಊರಿನ ರೇಷ್ಮೆಯ ವ್ಯಾಪಾರಿ ಪಾಲ್ ದ ವಿವಿ ಎಂಬವನು 1887ರಲ್ಲಿ ಸೈಕಲ್ ಸವಾರರಿಗಾಗಿ ಒಂದು ಪತ್ರಿಕೆಯನ್ನು ಹೊರಡಿಸಿದನು. ‘ವೆಲೋಸಿಯೊ’ ಎಂಬುದು ಅವನ ಕಾವ್ಯನಾಮ. ಸೈಕಲ್ಲು ಗೆಲ್ಲುವುದಕ್ಕಲ್ಲ, ನೋಡುವುದಕ್ಕೆ ಎಂಬುದು ಅವನ ಮತ. ಹಸಿವಾಗುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು, ಡಂಭಕ್ಕಾಗಿ ಎಂದೂ ತುಳಿಯಬಾರದು—ಇದು ಅವನು ಸವಾರರಿಗೆ ಮಾಡಿದ ಉಪದೇಶದ ಸಾರ. ಅವನ ಊರಿನ ಸುತ್ತ ಗುಡ್ಡಗಳು. ಗುಡ್ಡವನ್ನು ಸಾಮಾನ್ಯ ಮನುಷ್ಯನೂ ಸೈಕಲ್ಲಿನಲ್ಲಿ ಏರಬೇಕಾದರೆ ಗೇರು ಬೇಕೆಂದು ಅವನು ಹಟ ಹಿಡಿದು ಸಾರಿದನು. ಸ್ಪರ್ಧೆಯ ಧಣಿಗಳಿಗೆ ಇದು ಹಿಡಿಸಲಿಲ್ಲ. ಗೇರು ಮುದುಕರಿಗೆ, ದುರ್ಬಲರಿಗೆ ಎಂಬುದು ಅವರ ಭಾವನೆ. ಆ ದೊಡ್ಡ ಸ್ಪರ್ಧೆಯಲ್ಲಿ ಚೈನು ಹಲ್ಲಿನಿಂದ ಹಲ್ಲಿಗೆ ಜಿಗಿಯುವ ಗೇರಿಗೆ ಅನುಮತಿ ದೊರೆತುದು 1937ರಲ್ಲಿ; ವೆಲೋಸಿಯೊ ತೀರಿಕೊಂಡು ಆಗಲೇ 7 ವರ್ಷಗಳಾಗಿದ್ದವು. ಇಂದು ಆ ಸ್ಪರ್ಧೆಯ ಎಲ್ಲ ಸ್ಪರ್ಧಾಳುಗಳೂ ಆ ‘ದುರ್ಬಲರ’ ಉಪಕರಣವನ್ನೇ ಬಳಸುತ್ತಾರೆ!

ಅಲ್ಲಿಯ ಗುಡ್ಡಗಾಡಿನಲ್ಲಿ ಸೈಕಲ್ ಪ್ರವಾಸ ಇಂದಿಗೂ ಜೀವಂತವಾಗಿರುವುದಕ್ಕೆ ಮುಖ್ಯ ಕಾರಣ ಗೇರಲ್ಲ, ದಾರಿ. ಫ್ರಾನ್ಸಿನ ಭೂಪಟಗಳಲ್ಲಿ ಹೆದ್ದಾರಿಗೆ ಕೆಂಪು ಗೆರೆ, ಅದಕ್ಕಿಂತ ಕಿರಿದಾದುದಕ್ಕೆ ಹಳದಿ, ಎಲ್ಲಕ್ಕೂ ಸಣ್ಣದಕ್ಕೆ ಬಿಳಿ. ದಾರಿಯ ಅಂಚಿನಲ್ಲಿ ಹಸುರು ಗೆರೆ ಇದ್ದರೆ ಅದು ಕಣ್ಣಿಗೆ ಇಂಪಾದ ದಾರಿ ಎಂದರ್ಥ. ಅನುಭವಿಕನಾದ ಸವಾರ ಕೆಂಪನ್ನು ಬಿಟ್ಟು ಬಿಳಿಯನ್ನು ಹುಡುಕುತ್ತಾನೆ. ಬಿಳಿ ಗೆರೆ ಎಂದರೆ ಹಳ್ಳಿಯಿಂದ ಹಳ್ಳಿಗೆ, ತೋಟದಿಂದ ತೋಟಕ್ಕೆ ಹೋಗುವ, ಒಂದೇ ಗಾಡಿಯ ಅಗಲದ ಡಾಂಬರು ದಾರಿ. ಅರ್ಧ ಗಂಟೆಗೊಂದು ವಾಹನ ಬಂದರೆ ಹೆಚ್ಚು. ಅಂಥ ದಾರಿಗಳು ಅಲ್ಲಿ ಲಕ್ಷಗಟ್ಟಲೆ ಕಿಲೋಮೀಟರು ಇವೆ. ಅವನ್ನು ಅಗಲ ಮಾಡಿಲ್ಲ. ಹಾಗೆಂದು ಹಾಳು ಬಿಟ್ಟೂ ಇಲ್ಲ. ಕಾಲಕಾಲಕ್ಕೆ ತೇಪೆ ಹಾಕಿ ಇಟ್ಟುಕೊಂಡಿದ್ದಾರೆ. ಘಟ್ಟದ ದಾರಿಗಳಲ್ಲಂತೂ ಕಿಲೋಮೀಟರಿಗೊಂದು ಕಲ್ಲು: ತುದಿ ಇನ್ನೆಷ್ಟು ದೂರ, ಮುಂದಿನ ಕಿಲೋಮೀಟರಿನ ಏರು ನೂರಕ್ಕೆ ಎಷ್ಟು ಎಂಬುದನ್ನು ಸೈಕಲ್ಲಿನವನಿಗಾಗಿಯೇ ಬರೆದಿಟ್ಟಿದ್ದಾರೆ. ಊರಿನ ಹೊರಗೆ ಸೈಕಲ್ಲನ್ನು ದಾಟಿ ಹೋಗುವ ಮೋಟಾರು ಒಂದೂವರೆ ಮೀಟರು ದೂರ ಬಿಟ್ಟು ಹೋಗಬೇಕೆಂದು ಅಲ್ಲಿಯ ಕಾಯಿದೆ. ರೈಲು ನಿಂತುಹೋದ ಹಳೆಯ ಮಾರ್ಗಗಳನ್ನೂ ಅವರು ವ್ಯರ್ಥವಾಗಗೊಟ್ಟಿಲ್ಲ. ಬರ್ಗಂಡಿ ಪ್ರಾಂತದ ಜೀವ್ರಿಯಿಂದ ಕ್ಲೂನಿಯವರೆಗಿನ ಹಳಿಗಳನ್ನು ಕಿತ್ತು 1997ರಲ್ಲಿ ನಡೆಯುವವರಿಗೂ ಸೈಕಲ್ಲಿನವರಿಗೂ ಮೀಸಲಾದ ಹಾದಿ ಮಾಡಿದರು. ಅನಂತರ ಅದರ ಮಾದರಿಯಲ್ಲಿ ಅನೇಕ ಹಾದಿಗಳಾದವು.

ಆ ದೇಶದ ದಕ್ಷಿಣದಲ್ಲಿ ಲೊಜೇರ್ ಎಂಬ ಜಿಲ್ಲೆಯಿದೆ. ಇಡೀ ಫ್ರಾನ್ಸಿನಲ್ಲಿ ಎಲ್ಲಕ್ಕೂ ಕಡಿಮೆ ಜನರಿರುವ ಜಿಲ್ಲೆ ಅದು. 5 ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿದ ನೆಲದಲ್ಲಿ 76 ಸಾವಿರದ ಆಸುಪಾಸು ಜನ. ಗುಡ್ಡ, ಕಾಡು, ಆಳವಾದ ಹೊಳೆಯ ಕಣಿವೆಗಳು, ಹೊಟ್ಟೆಪಾಡಿಗೆ ಊರು ಬಿಟ್ಟುಹೋದ ತರುಣರು, ಉಳಿದ ಮುದುಕರು. ಇದನ್ನು ಓದುವಾಗ ನನಗೆ ಜೋಯಿಡಾ ಕಣ್ಣ ಮುಂದೆ ನಿಂತಿತು. ನಮ್ಮದು ಕಾಳೀನದಿ ಹುಟ್ಟುವ ತಾಲೂಕು. ವಿಸ್ತಾರದಲ್ಲಿ ದೊಡ್ಡದು, ಜನರಲ್ಲಿ ಚಿಕ್ಕದು. 2011ರ ಜನಗಣತಿಯಲ್ಲಿ ಇಡೀ ತಾಲೂಕಿನ ಜನ ಸುಮಾರು 52 ಸಾವಿರ. ಇದೇ ಲೊಜೇರಿನ ಗುಡ್ಡಗಳಲ್ಲಿ 1878ರಲ್ಲಿ ಆಂಗ್ಲ ಸಾಹಿತ್ಯದ ವಿದ್ಯಾರ್ಥಿಗಳೆಲ್ಲರೂ ಬಲ್ಲ ಆರ್. ಎಲ್. ಸ್ಟೀವನ್‌ಸನ್ನನು ಒಂದು ಕತ್ತೆಯ ಬೆನ್ನಿಗೆ ಹಾಸಿಗೆ ಹೇರಿ 12 ದಿನ ನಡೆದನು. ಮರುವರ್ಷ ಅದನ್ನು ಪುಸ್ತಕ ಮಾಡಿದನು. ಅವನು ನಡೆದ ಹಾದಿಯನ್ನು ಇಂದಿಗೂ ಗುರುತು ಹಾಕಿ ಕಾಪಾಡಿದ್ದಾರೆ, ಜನ ಅದರಲ್ಲಿ ನಡೆಯುತ್ತಾರೆ, ಹಾದಿಬದಿಯ ಹಳ್ಳಿಗಳಲ್ಲಿ ಉಂಡು ಮಲಗಿ ನಾಲ್ಕು ಕಾಸು ಕೊಟ್ಟುಹೋಗುತ್ತಾರೆ. ಕತ್ತೆಯ ನಡಿಗೆಯಷ್ಟು ನಿಧಾನವಾಗಿ ಹೋದವನು ಆ ನಾಡಿಗೆ ಮಾಡಿದ ಉಪಕಾರವನ್ನು ವೇಗವಾಗಿ ಹೋದ ಯಾವ ಶ್ರೀಮಂತನೂ ಮಾಡಿರಲಾರ.

ಲೊಜೇರಿನ ಸಣ್ಣ ದಾರಿಗಳು ಶಾಂತವಾಗಿ ಉಳಿದುದು ದೊಡ್ಡ ರಸ್ತೆ ಇಲ್ಲದ್ದರಿಂದಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಆ ಜಿಲ್ಲೆಯ ಮೂಲಕವೇ ಎ-75 ಎಂಬ ಮೋಟಾರು ಹೆದ್ದಾರಿ ಹಾಯುತ್ತದೆ. 2004ರಲ್ಲಿ ಮುಗಿದ ಮೀಯೋ ಎಂಬ ಊರಿನ ಪ್ರಚಂಡ ಸೇತುವೆ ಅದೇ ದಾರಿಯ ಮೇಲಿನದು. ದೂರದ ಲಾರಿಗಳೆಲ್ಲ ಅತ್ತ ಹೋದವು. ಹಳೆಯ ದಾರಿಗಳು ಊರಿನವರಿಗೂ ಸೈಕಲ್ಲಿನವರಿಗೂ ಉಳಿದವು. ಆದುದರಿಂದ ಹೆದ್ದಾರಿಯನ್ನು ಶಪಿಸುವುದು ನನ್ನ ಉದ್ದೇಶವಲ್ಲ. ನಮ್ಮ ರಾಮನಗರವೂ ಹೆದ್ದಾರಿಯ ಊರೇ. ಬೆಳಗಾವಿಯಿಂದ ಖಾನಾಪುರ, ಲೋಂಡಾ, ರಾಮನಗರ, ಅನಮೋಡಗಳ ಮೇಲೆ ಗೋವೆಗೆ ಇಳಿಯುವ 748ನೆಯ ರಾಷ್ಟ್ರೀಯ ಹೆದ್ದಾರಿ (ಹಿರಿಯರ ಬಾಯಲ್ಲಿ ಅದು ಇನ್ನೂ ‘ನಾಲ್ಕು ಎ’) ಊರನ್ನು ಸೀಳಿಕೊಂಡು ಹೋಗುತ್ತದೆ. ಲಾರಿಗಳು, ಗೋವೆಗೆ ಧಾವಿಸುವ ಕಾರುಗಳು. ಆ ರಸ್ತೆಯ ಮೇಲೆ ಸೈಕಲ್ಲು ಹೊಡೆಯಿರಿ ಎಂದು ನನ್ನ ವೈರಿಗೂ ನಾನು ಹೇಳಲಾರೆ. ಆದರೆ ಅದೇ ಕೂಟದಲ್ಲಿ ಹೆದ್ದಾರಿಗೆ ಬೆನ್ನು ತಿರುಗಿಸಿ ಜಗಲಬೇಟದ ಕಡೆಗೆ ಹೊರಟು ನೋಡಿ. ಅಥವಾ ಕ್ಯಾಸಲ್‌ರಾಕ್ ಕಡೆಯ ಒಳದಾರಿ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಬೆನ್ನ ಹಿಂದಿನ ಗದ್ದಲ ಅಡಗುತ್ತದೆ. ಸಾಗುವಾನಿಯ ಎಲೆ ಬಿದ್ದ ಸಪ್ಪಳ ಕೇಳತೊಡಗುತ್ತದೆ.

ಈ ಸಪ್ಪಳದ ಮಾತನ್ನು ಸ್ವಲ್ಪ ಬೆಳೆಸುತ್ತೇನೆ, ಓದುಗರು ಸೈರಿಸಬೇಕು. ನಮ್ಮ ಕಾಡು ಕಣ್ಣಿಗಿಂತ ಹೆಚ್ಚಾಗಿ ಕಿವಿಗೆ ತೆರೆದುಕೊಳ್ಳುವ ಕಾಡು. ಮರ ದಟ್ಟವಾಗಿರುವುದರಿಂದ ಹತ್ತು ಮಾರಿನಾಚೆ ಏನೂ ಕಾಣದು. ದೊಡ್ಡ ಮಂಗಟ್ಟೆ ಹಕ್ಕಿ ತಲೆಯ ಮೇಲೆ ಹಾದುಹೋಗುವಾಗ ಅದರ ರೆಕ್ಕೆಯ ‘ಹುಸ್ ಹುಸ್’ ಸಪ್ಪಳ, ಉಗಿಬಂಡಿ ಉಸಿರುಬಿಟ್ಟಂತೆ, ಮೊದಲು ಕಿವಿಗೆ ಬೀಳುತ್ತದೆ. ಅನಂತರ ತಲೆಯೆತ್ತಿದರೆ ಹಕ್ಕಿ ಕಂಡೀತು. ಜೀಪಿನಲ್ಲಿ ಕುಳಿತವನಿಗೆ ಹಕ್ಕಿಯೂ ಇಲ್ಲ, ಸಪ್ಪಳವೂ ಇಲ್ಲ. ದಾಂಡೇಲಿಗೆ ಹಕ್ಕಿ ನೋಡಲೆಂದು ದೂರದಿಂದ ಬರುವ ಮಹನೀಯರು ಸಾವಿರಾರು ರೂಪಾಯಿ ತೆತ್ತು ಜೀಪಿನಲ್ಲಿ ಧೂಳೆಬ್ಬಿಸಿಕೊಂಡು ಹೋಗುವುದನ್ನು ಕಂಡಾಗ ನನಗೆ ಮರುಕ ಹುಟ್ಟುತ್ತದೆ. ಕಾಲ್ನಡಿಗೆಯವನಿಗೂ ಕೇಳೀತು, ನಿಜ. ಆದರೆ ನಡೆಯುವವನು ದಿನಕ್ಕೆ ಒಂದು ಗುಡ್ಡ ದಾಟುವಷ್ಟರಲ್ಲಿ ಸೈಕಲ್ಲಿನವನು ನಾಲ್ಕು ಗುಡ್ಡ ದಾಟುತ್ತಾನೆ, ನಾಲ್ಕು ಊರಿನ ನೀರು ಕುಡಿಯುತ್ತಾನೆ. ಗಂಟೆಗೆ 12 ಕಿಲೋಮೀಟರು ಎಂಬುದು ನೋಡುವುದಕ್ಕೂ ಹೋಗುವುದಕ್ಕೂ ಸರಿಯಾಗಿ ಹೊಂದುವ ವೇಗ. ಇಳಿಜಾರಿನಲ್ಲಿ ಇನ್ನೂ ಹೆಚ್ಚು, ಅದು ದೇವರು ಕೊಟ್ಟದ್ದು.

ಮತ್ತೆ, ಸೈಕಲ್ಲಿನವನನ್ನು ಜನ ಮಾತನಾಡಿಸುತ್ತಾರೆ. ಬಸ್ಸನ್ನು ಯಾರು ಮಾತನಾಡಿಸುತ್ತಾರೆ? ಒಮ್ಮೆ ಏರಿನಲ್ಲಿ ಸೈಕಲ್ಲಿನಿಂದಿಳಿದು ತಳ್ಳಿಕೊಂಡು ಹೋಗುತ್ತಿದ್ದಾಗ ಗಿಡದ ಬುಡದಲ್ಲಿ ಕುಳಿತಿದ್ದ ಒಬ್ಬ ಮುದುಕ ತಾನಾಗಿಯೇ “ಕುಂಡ್ರು ಮಗಳ, ದಮ್ಮ ತೊಗೊ” ಎಂದನು. ನಾನು ಕುಳಿತು, “ಅಜ್ಜಾರ, ನಿಮ್ಮೂರು ಯಾವುದ್ರಿ?” ಎಂದು ಕೇಳಿದೆ. “ಊರು ಕೇಳಿದ್ರ ಏನ್ ಹೇಳ್ಲಿ? ನೀರಾಗೈತಿ. ನಾವು ಸೂಪಾದವರು” ಎಂದನು. ನಮ್ಮ ಕಾಲೇಜಿನಲ್ಲಿ ಅನೇಕರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗುತ್ತದೆ. ಕಾಳೀನದಿಗೆ ಸೂಪಾದಲ್ಲಿ ಕಟ್ಟಿದ 101 ಮೀಟರು ಎತ್ತರದ ಅಣೆಕಟ್ಟು 1987ರಲ್ಲಿ ಪೂರ್ಣವಾಯಿತು. ಕಾಳಿಗೆ ಪಾಂಡರಿ ಹೊಳೆ ಕೂಡುವಲ್ಲಿದ್ದ ಹಳೆಯ ಸೂಪಾ ಪೇಟೆ, ಸುತ್ತಣ ಹಳ್ಳಿಗಳು ಮುಳುಗಿದವು. ತಾಲೂಕಿನ ಕಚೇರಿ ಜೋಯಿಡಾಕ್ಕೆ ಹೋಯಿತು. ಮುಳುಗಡೆಯ ಜನರಿಗೆ ನೆಲೆಯಾಗಿ ರಾಮನಗರ ಬೆಳೆಯಿತು. ನಾವು ಉರಿಸುವ ದೀಪದಲ್ಲಿ ಆ ಊರುಗಳ ಪಾಲಿದೆ. ಆ ಅಜ್ಜ ಸೂಪಾದ ಸಂತೆ ಯಾವ ಕಡೆಗೆ ಕೂಡುತ್ತಿತ್ತು, ಹೊಳೆ ದಾಟುವ ದೋಣಿ ಎಲ್ಲಿ ನಿಲ್ಲುತ್ತಿತ್ತು ಎಂಬುದನ್ನು ನೆಲದ ಮೇಲೆ ಕಡ್ಡಿಯಿಂದ ಗೆರೆ ಕೊರೆದು ತೋರಿಸಿದನು. ಇತಿಹಾಸ ವಿಷಯದಲ್ಲಿ ಪದವಿ ಪಡೆಯಲಿರುವ ನನಗೆ ಅಂಥ ಪಾಠ ತರಗತಿಯಲ್ಲಿ ದೊರೆತಿರಲಿಲ್ಲ. ಪ್ರಾಧ್ಯಾಪಕರು ಕ್ಷಮಿಸಬೇಕು.

ನಿಧಾನವಾಗಿ ಹೋಗುವ ಪ್ರವಾಸ ವಿದೇಶದಿಂದ ತರಬೇಕಾದ ಸರಕೇನೂ ಅಲ್ಲ. ಉಳವಿಯ ಜಾತ್ರೆಯನ್ನು ನೋಡಿರಿ. ಹನ್ನೆರಡನೆಯ ಶತಮಾನದ ಚನ್ನಬಸವಣ್ಣನವರು ಐಕ್ಯರಾದ ಆ ಕ್ಷೇತ್ರಕ್ಕೆ ಮಾಘಮಾಸದಲ್ಲಿ ಧಾರವಾಡ, ಬೆಳಗಾವಿ ಸೀಮೆಯ ರೈತರು ಇಂದಿಗೂ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಎತ್ತಿಗೆ ಜೂಲು ಹೊದಿಸಿ, ಕೊರಳಿಗೆ ಗೆಜ್ಜೆ ಕಟ್ಟಿ, ಬುತ್ತಿ ಕಟ್ಟಿಕೊಂಡು ದಿನಗಟ್ಟಲೆ ಕಾಡುದಾರಿಯಲ್ಲಿ ಸಾಗುತ್ತಾರೆ. ಅವರಲ್ಲಿ ಅನೇಕರ ಮನೆಯಲ್ಲಿ ಟ್ರ್ಯಾಕ್ಟರು ಇದೆ, ಬೈಕು ಇದೆ. ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದು. ಆದರೂ ಚಕ್ಕಡಿಯಲ್ಲಿಯೇ ಬರುತ್ತಾರೆ. ಹಾದಿಯೂ ಜಾತ್ರೆಯ ಒಂದು ಭಾಗವೆಂಬುದನ್ನು ಅವರು ಬಲ್ಲರು. ಇನ್ನು ಸೈಕಲ್ಲಿನ ಸಾಹಸಕ್ಕೆ ನಮ್ಮವರು ಹಿಂದೆ ಬಿದ್ದವರೇ? 1923ರಲ್ಲಿ ಮುಂಬಯಿಯಿಂದ ಹೊರಟ ಪಾರ್ಸಿ ತರುಣರಲ್ಲಿ ಮೂವರು ಪೃಥ್ವಿಯನ್ನೇ ಸುತ್ತಿ 1928ರಲ್ಲಿ ಮರಳಿದರು. ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಸೈಕಲ್ ಸ್ಪರ್ಧೆಗಳಲ್ಲಿ ಪದಕ ಗೆದ್ದು ತರುತ್ತಿದ್ದಾರೆ. ಅವರಿಗೆ ನಮಸ್ಕಾರ. ಆದರೆ ಗಡಿಯಾರ ಹಿಡಿದು ಓಡುವುದು ನನ್ನ ವಿಷಯವಲ್ಲ.

‘ಇದಕ್ಕೆ ಐವತ್ತು ಸಾವಿರದ ಸೈಕಲ್ಲು ಬೇಕಲ್ಲ’ ಎಂಬ ಆಕ್ಷೇಪ ಮೊದಲು ಬರುತ್ತದೆ. ಬೇಕಿಲ್ಲ. ನನ್ನ ಸೈಕಲ್ಲಿನ ಮುಂದಿನ ಹಲ್ಲುಗಾಲಿಯಲ್ಲಿ 44 ಹಲ್ಲುಗಳಿವೆ, ಹಿಂದಿನ ಫ್ರೀವೀಲಿನಲ್ಲಿ 18, ಎಣಿಸಿದ್ದೇನೆ. ಎಂದರೆ ಪೆಡಲು ಒಂದು ಸುತ್ತು ಸುತ್ತಿದರೆ ಹಿಂದಿನ ಗಾಲಿ ಎರಡೂವರೆ ಸುತ್ತಿಗೆ ಸ್ವಲ್ಪ ಕಡಿಮೆ ತಿರುಗುತ್ತದೆ. ಬಯಲುಸೀಮೆಗೆ ಇದು ಸರಿ, ನಮ್ಮ ಏರಿಗೆ ಭಾರ. ಹಿಂದೆ 22 ಹಲ್ಲಿನ ಫ್ರೀವೀಲು ಕೂಡಿಸಿದರೆ ಸರಿಯಾಗಿ ಎರಡು ಸುತ್ತಾಗುತ್ತದೆ. ಐದು ಸೇರು ಎತ್ತುವ ಜಾಗದಲ್ಲಿ ನಾಲ್ಕು ಸೇರು ಎತ್ತಿದಂತೆ ಕಾಲಿಗೆ ಹಗುರಾಗುತ್ತದೆ. ಅಷ್ಟಕ್ಕೂ ಮೀರಿದ ಏರಿನಲ್ಲಿ ಇಳಿದು ತಳ್ಳಿದರೆ ಯಾರ ಮಾನವೂ ಹೋಗುವುದಿಲ್ಲ. ಬೆಂಗಳೂರು, ಮೈಸೂರು ಕಡೆಯ ಉಳ್ಳವರು 2008ರಿಂದ ಈಚೆಗೆ ನೀಲಗಿರಿಯ ಸುತ್ತ ನೂರಾರು ಮಂದಿ ಕೂಡಿ ಸೈಕಲ್ ಪ್ರವಾಸ ಮಾಡುತ್ತ ಬಂದಿದ್ದಾರೆ. ಅವರ ಸೈಕಲ್ಲಿನ ಬೆಲೆಯಲ್ಲಿ ನಮ್ಮ ಊರಿನಲ್ಲಿ ಒಂದು ಜೋಡಿ ಎತ್ತು ಬಂದೀತು. ಅದು ಅವರ ಭಾಗ್ಯ. ಗುಡ್ಡ ಮಾತ್ರ ಇಬ್ಬರಿಗೂ ಒಂದೇ.

ಎರಡನೆಯ ಆಕ್ಷೇಪ ವಿದ್ಯಾರ್ಥಿನಿಯರದು. ಅಥವಾ ವಿದ್ಯಾರ್ಥಿನಿಯರ ಮನೆಯವರದು. ಇದನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ನಮ್ಮ ಸರಕಾರ 2006-07ನೆಯ ಸಾಲಿನಿಂದ ಅನೇಕ ವರ್ಷ ಎಂಟನೆಯ ಇಯತ್ತೆಯ ಮಕ್ಕಳಿಗೆ ಸೈಕಲ್ಲುಗಳನ್ನು ಹಂಚಿತು. ನನಗೆ ದೊರೆತುದೂ ಅದರಲ್ಲಿಯೇ ಒಂದು. ಮನೆಯಿಂದ ಹೈಸ್ಕೂಲಿಗೆ ಹೋಗಲು ಅಪ್ಪನ ಬಿಡುವನ್ನೂ ಅಣ್ಣನ ಮರ್ಜಿಯನ್ನೂ ಕಾಯಬೇಕಾಗಿಲ್ಲವೆಂದು ಮೊದಲ ದಿನ ತಿಳಿದಾಗ ಆದ ಸಂತೋಷವನ್ನು ಬರೆದು ತಿಳಿಸಲಾರೆ. ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಹಳ್ಳಿಯ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ಸೈಕಲ್ಲು ಕಲಿತರು. ಅವರಲ್ಲಿ ಕಲ್ಲುಗಣಿಯಲ್ಲಿ ದುಡಿಯುವವರೂ ಇದ್ದರು. ಆದರೆ ನಮ್ಮಲ್ಲಿ ಏನಾಯಿತು? ಹತ್ತನೆಯ ಇಯತ್ತೆ ಮುಗಿಯುತ್ತಲೇ ಕಾಲೇಜು ದೂರವಾಯಿತು, ನಡುವೆ ಹೆದ್ದಾರಿ ಬಂದಿತು, ಸೈಕಲ್ಲು ಹಿತ್ತಲಿನ ಗೋಡೆಗೆ ಒರಗಿತು. ನನ್ನ ಜೊತೆಗಾತಿಯರ ಮನೆಗಳಲ್ಲಿ ಅಂಥ ಸೈಕಲ್ಲುಗಳನ್ನು ನಾನು ಲೆಕ್ಕ ಹಾಕಿದ್ದೇನೆ: ಹದಿನಾಲ್ಕು. ಒಂದರ ಮೇಲೆ ಕುಂಬಳದ ಬಳ್ಳಿ ಹಬ್ಬಿದೆ. ಎಂಟನೆಯ ಇಯತ್ತೆಯಲ್ಲಿ ಬಂದ ಸ್ವಾತಂತ್ರ್ಯ ಕಾಲೇಜಿಗೆ ಬರುವಷ್ಟರಲ್ಲಿ ಬಸ್ಸಿನ ವೇಳಾಪತ್ರಿಕೆಯಾಯಿತು. ಅದಕ್ಕಾಗಿಯೇ ಶಾಂತವಾದ ಒಳದಾರಿ ಎಂಬುದು ನನ್ನ ಪಾಲಿಗೆ ಸೃಷ್ಟಿಸೌಂದರ್ಯದ ಮಾತಷ್ಟೇ ಅಲ್ಲ. ಲಾರಿಯ ಭಯವಿಲ್ಲದ ದಾರಿ ಇದ್ದರೆ ಮಾತ್ರ ಹುಡುಗಿ ಸೈಕಲ್ಲಿನ ಮೇಲೆ ಉಳಿಯುತ್ತಾಳೆ, ಮುದುಕ ಎತ್ತಿನ ಹಗ್ಗ ಹಿಡಿದು ನಡೆಯುತ್ತಾನೆ. ಒಳದಾರಿಗಳನ್ನೂ ಅಗಲ ಮಾಡಿರೆಂದು ಅರ್ಜಿ ಬರೆಯುವ ನಮ್ಮ ಯುವಕರಿಗೆ ನಾನು ಕೇಳುವುದಿಷ್ಟೆ: ಅಗಲ ಮಾಡಿದ ದಿನ ಅದರ ಮೇಲೆ ಮೊದಲು ಬರುವವರು ಯಾರು? ಊರಿನವರೇ? ಗುಂಡಿ ಮುಚ್ಚಿಸಿರೆಂದು ಅರ್ಜಿ ಬರೆಯಿರಿ, ನಾನೂ ಸಹಿ ಹಾಕುತ್ತೇನೆ.

ಕಾಡುಪ್ರಾಣಿಗಳ ಭಯ ಸುಳ್ಳಲ್ಲ. ನಮ್ಮ ಸುತ್ತಣ ಕಾಡು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಿಂದ ಅದಕ್ಕೆ ಕಾಳಿಯ ಹೆಸರು. ಆನೆ, ಕಾಡುಕೋಣ, ಚಿರತೆ ಎಲ್ಲವೂ ಇವೆ. ಆದುದರಿಂದ ಸೂರ್ಯ ಮೂಡಿದ ಮೇಲೆ ಹೊರಡುವುದು, ಸಂಜೆ ನಾಲ್ಕಕ್ಕೆ ಮುಕ್ಕಾಂ ಸೇರುವುದು, ಸಾರ್ವಜನಿಕ ರಸ್ತೆ ಬಿಟ್ಟು ಇಳಿಯದಿರುವುದು, ಅರಣ್ಯ ಇಲಾಖೆಗೆ ಮುಂಚಿತವಾಗಿ ಪತ್ರ ಬರೆಯುವುದು, ಒಬ್ಬೊಬ್ಬರೇ ಹೋಗದೆ ಗುಂಪಾಗಿ ಹೋಗುವುದು ಅವಶ್ಯ. ಇಷ್ಟು ಶಿಸ್ತು ಎನ್.ಸಿ.ಸಿ.ಯವರಿಗೆ ಇದ್ದೇ ಇದೆ.

ದಾರಿ ಹೀಗೆ ಎಂದು ಯೋಚಿಸಿದ್ದೇನೆ. ಮೊದಲ ದಿನ ರಾಮನಗರದಿಂದ ಜಗಲಬೇಟದ ಮೇಲೆ ಜೋಯಿಡಾ. ಎರಡನೆಯ ದಿನ ಕುಂಬಾರವಾಡಾ ದಾಟಿ ಉಳವಿ. ಅಲ್ಲಿ ದಾಸೋಹದ ಊಟಕ್ಕೆ ಕೊರತೆಯಿಲ್ಲ. ಮೂರನೆಯ ದಿನ, ಇಲಾಖೆ ಒಪ್ಪಿದರೆ, ಚಕ್ಕಡಿಗಳು ಬರುವ ಗುಂದ, ಪೋಟೋಲಿ ಮಾರ್ಗವಾಗಿ ದಾಂಡೇಲಿ. ಒಪ್ಪದಿದ್ದರೆ ಬಂದ ದಾರಿಯಲ್ಲಿಯೇ ಜೋಯಿಡಾಕ್ಕೆ ಮರಳಿ ಗಣೇಶಗುಡಿಯ ಮೇಲೆ ಇಳಿಯಬಹುದು, ಆಗ ಸೂಪಾದ ನೀರೂ ಕಣ್ಣಿಗೆ ಬೀಳುತ್ತದೆ. ಮಳೆ ನಿಂತು ಹೊಳೆಗಳಲ್ಲಿ ಇನ್ನೂ ನೀರಿರುವ ನವಂಬರ ತಿಂಗಳೇ ಒಳ್ಳೆಯದು. ಪಂಪು ಎರಡು, ಪಂಕ್ಚರಿನ ಸಾಮಾನು ಮೂರು ಜೊತೆ, ಎರಡು ಹೆಚ್ಚಿನ ಟ್ಯೂಬು, ಬ್ರೇಕಿನ ರಬ್ಬರು ಬೇಕಾದಷ್ಟು. ಏಕೆಂದರೆ ನಮ್ಮ ಇಳಿಜಾರುಗಳು ಬ್ರೇಕನ್ನು ತಿನ್ನುತ್ತವೆ. ಹದಿನಾಲ್ಕು ಸೈಕಲ್ಲುಗಳ ಲೆಕ್ಕ ಮೇಲೆ ಕೊಟ್ಟಿದ್ದೇನೆ. ಅವುಗಳಲ್ಲಿ ಒಂಬತ್ತಕ್ಕೆ ಟಾಯರು ಹಾಕಿಸಿದರೆ ಸಾಕು, ಮೂರಕ್ಕೆ ಚೈನೂ ಬೇಕು. ಕುಂಬಳದ ಬಳ್ಳಿಯ ಸೈಕಲ್ಲಿನ ಒಡತಿ ಮಾತ್ರ ಕಾಯಿ ಬಲಿಯುವವರೆಗೆ ತಡೆಯಬೇಕೆನ್ನುತ್ತಾಳೆ.